ಪುಟ್ಟಿಗೆ, ಆ ನಲವತ್ತು ಮತಗಳ ಬಗ್ಗೆ

ಚಿತ್ರದುರ್ಗ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರದ ಮೂರನೆಯ ಪುಟ ದಾಟಿ ಮುಂದೆ ಹೋಗಲು ನನ್ನಿಂದ ಆಗಿಲ್ಲ. ಗಣಪತಿ ಪೆಂಡಾಲಿನಲ್ಲಿ ನಿಮ್ಮ ಬಡಾವಣೆಯ ಮುಖಂಡರೊಬ್ಬರು ಎಲ್ಲರೆದುರು, "ನಮ್ಮ ಬೂತಿನಲ್ಲಿ ನಲವತ್ತು ಮತ ಆ ಕಡೆ ಹೋಗಿವೆ, ಯಾವ ಮನೆಗಳೆಂದು ಗೊತ್ತು" ಎಂದರಂತೆ. ಅದಾದ ಮೇಲೆ ನಿಮ್ಮ ಬೀದಿಯ ದೀಪ ಕೆಟ್ಟು ತಿಂಗಳಾದರೂ ಯಾರೂ ಬರಲಿಲ್ಲವಂತೆ. ಇನ್ನು ಮತ ಹಾಕಲು ಹೋಗುವುದೇ ಇಲ್ಲವೆಂದು ನೀವಿಬ್ಬರೂ ತೀರ್ಮಾನಿಸಿದ್ದೀರಿ. ಉಳಿದ ಸುದ್ದಿಗೆಲ್ಲ ಆಮೇಲೆ ಉತ್ತರ ಬರೆಯುತ್ತೇನೆ. ಈ ಮಾತು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿದೆ.

"ಯಾವ ಮನೆಗಳೆಂದು ಗೊತ್ತು." ಅವರಿಗೆ ಗೊತ್ತಿಲ್ಲ ಪುಟ್ಟಿ. ಬೂತಿನ ಒಟ್ಟು ಲೆಕ್ಕ ತಿಳಿಯುವುದು ನಿಜ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಮತಪತ್ರಗಳ ಕಾಲದಲ್ಲಿ ಹಲವು ಬೂತುಗಳ ಪೆಟ್ಟಿಗೆಗಳನ್ನು ಸುರಿದು, ಕಲಸಿ ಎಣಿಸುವ ಪದ್ಧತಿ ಇತ್ತು. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದುದ್ದಕ್ಕೂ ಮತಯಂತ್ರ ಬಂದ ಮೇಲೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಎಂಬುದು ಬೇರೆ ಬೇರೆಯಾಗಿಯೇ ಹೊರಬೀಳುತ್ತದೆ. ಬೂತುಗಳನ್ನು ಕೂಡಿಸಿ ಎಣಿಸುವ ಟೋಟಲೈಸರ್ ಬೇಕೆಂದು 2015ರಲ್ಲಿ ಕಾನೂನು ಆಯೋಗವೇ ಶಿಫಾರಸು ಮಾಡಿತ್ತು. ಅದು ಬರಲಿಲ್ಲ, ಬರಬೇಕಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಬೂತಿನ ಅಂಕಿ ಹಿಡಿದು ಯಾರೂ ನಿನ್ನ ಮನೆಯ ಬಾಗಿಲಿಗೆ ಬರಲಾರರು. ಮತಯಂತ್ರಕ್ಕೆ ಜೋಡಿಸಿದ, ಚೀಟಿ ಮುದ್ರಿಸುವ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸಿ ಒಳಗೆ ಬೀಳುವ ಚೀಟಿಯಲ್ಲಿ ಅಭ್ಯರ್ಥಿಯ ಹೆಸರಿದೆ, ಗುರುತಿದೆ, ನಿನ್ನ ಹೆಸರಿಲ್ಲ.

ನನ್ನ ಮೊದಲ ಮತ 1978ರ ವಿಧಾನಸಭಾ ಚುನಾವಣೆಯಲ್ಲಿ, ನೀನಿರುವ ದಾವಣಗೆರೆಯಲ್ಲೇ. ಆಗ ಇಪ್ಪತ್ತೊಂದು ತುಂಬಿರಬೇಕಿತ್ತು. ಬೆಳಿಗ್ಗೆ ನಿನ್ನ ಅಜ್ಜ ನನ್ನನ್ನೂ ನಿಮ್ಮ ಅಜ್ಜಿಯನ್ನೂ ಕೂರಿಸಿಕೊಂಡು, ಯಾವ ಗುರುತಿಗೆ ಒತ್ತಬೇಕೆಂದು ಎರಡೆರಡು ಸಲ ಹೇಳಿ ಕಳಿಸಿದರು. ರಟ್ಟಿನ ಮರೆಯ ಹಿಂದೆ ಮೊಹರು ಹಿಡಿದು ನಿಂತಾಗ ಕೈ ನಡುಗಿತು. ಅಪ್ಪ ಹೇಳಿದ ಗುರುತಿಗೆ ನಾನು ಒತ್ತಲಿಲ್ಲ. ಮನೆಗೆ ಬಂದಾಗ "ಹಾಕಿದೆಯಾ?" ಎಂದರು, "ಹಾಕಿದೆ" ಎಂದೆ. ಅವರು ತೀರಿಕೊಳ್ಳುವವರೆಗೂ ಅವರಿಗೆ ತಿಳಿಯಲಿಲ್ಲ. ಒಂದೇ ಸೂರಿನಡಿ ಇದ್ದ ಅಪ್ಪನಿಗೇ ತಿಳಿಯದ್ದು ಪೆಂಡಾಲಿನ ಮುಖಂಡರಿಗೆ ಹೇಗೆ ತಿಳಿದೀತು?

ಆ ವರ್ಷ ಗೆದ್ದವರು ಕಮ್ಯುನಿಸ್ಟ್ ಪಕ್ಷದ ಪಂಪಾಪತಿ. 1983, 1985ರಲ್ಲೂ ಅವರೇ. ಹತ್ತಿ ಗಿರಣಿಗಳ ಊರು, ಇನ್ನು ಇದು ಕೆಂಬಾವುಟದ್ದೇ ಎಂದು ಎಲ್ಲರೂ ಅಂದುಕೊಂಡಿದ್ದೆವು. ಆಮೇಲೆ ದಾವಣಗೆರೆ ಲೋಕಸಭಾ ಕ್ಷೇತ್ರ 1999ರಿಂದ 2019ರವರೆಗೆ ಐದು ಸಲ ಬಿಜೆಪಿಯನ್ನು ಗೆಲ್ಲಿಸಿತು, 2024ರಲ್ಲಿ ಕಾಂಗ್ರೆಸ್ಸಿನ ಕಡೆ ತಿರುಗಿತು. ನಿಮ್ಮ ಬಡಾವಣೆ ಇಂಥವರದ್ದೇ ಎಂದು ಯಾರೂ ಯಾರಿಗೂ ಬರೆದುಕೊಟ್ಟಿಲ್ಲ.

ನನ್ನನ್ನು ಕಾಡುತ್ತಿರುವುದು ಇನ್ನೊಂದಿದೆ. ಯಾರಿಗೆ ಹಾಕಿದೆ ಎಂಬುದು ತಿಳಿಯುವುದಿಲ್ಲ. ಬಂದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಬೂತಿನೊಳಗೆ ಕುಳಿತ ಪಕ್ಷಗಳ ಏಜೆಂಟರು ಪಟ್ಟಿಯಲ್ಲಿ ಹೆಸರಿಗೆ ಗೀಟು ಹಾಕುತ್ತಲೇ ಇರುತ್ತಾರೆ. ನೀವು ಹೋಗದಿದ್ದರೆ ಆ ನಲವತ್ತರಲ್ಲಿ ಎರಡು ನಿಮ್ಮವೇ ಇರಬೇಕೆಂದು ಅವರಿಗೆ ನೀವೇ ತೋರಿಸಿಕೊಟ್ಟಂತೆ ಆಗುತ್ತದೆ. ಭಯಪಟ್ಟು ಮನೆಯಲ್ಲಿ ಕುಳಿತವರ ಗುರುತು ಹಾಗೆ ಸಿಗುತ್ತದೆ.

ಇದನ್ನು ಹೇಳಲು ನನಗೆ ಎಷ್ಟು ಯೋಗ್ಯತೆ ಇದೆಯೋ ಕಾಣೆ. ಶಾಲೆಯ ನೌಕರಿಯಲ್ಲಿದ್ದಾಗ ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಗೆ ಚುನಾವಣಾ ಕೆಲಸಕ್ಕೆ ಹೋಗಿದ್ದೆ. ಮತದಾರರ ಪಟ್ಟಿ ನನ್ನ ಮುಂದಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಒಬ್ಬ ಮುದುಕಿ ಬಂದಳು. ಆಕೆಯ ಹೆಸರಿಗೆ ಬೆಳಿಗ್ಗೆಯೇ ಗೀಟು ಬಿದ್ದಿತ್ತು. "ನಿಮ್ಮದು ಆಗಿಹೋಗಿದೆ ಅಜ್ಜಿ" ಎಂದೆ. ಆಕೆ ಮಾತನಾಡಲಿಲ್ಲ, ಎಡಗೈಯ ತೋರುಬೆರಳನ್ನು ನನ್ನ ಕಣ್ಣೆದುರು ಹಿಡಿದಳು. ಶಾಯಿ ಇರಲಿಲ್ಲ. ಅಂಥವರ ಗುರುತು ಖಚಿತವಾದರೆ ಟೆಂಡರ್ಡ್ ಮತಪತ್ರ ಕೊಡಬೇಕು, ಸಾಮಾನ್ಯ ಎಣಿಕೆಗೆ ಬಾರದಿದ್ದರೂ ಅದು ದಾಖಲೆಯಲ್ಲಿ ಉಳಿಯುತ್ತದೆ ಎಂದು ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಸಾಲು ಉದ್ದವಿತ್ತು. ಏಜೆಂಟರು ನನ್ನನ್ನೇ ನೋಡುತ್ತಿದ್ದರು. ನಾನು ಹೆದರಿದೆ. ಆಕೆಯನ್ನು ಹಾಗೆಯೇ ಕಳಿಸಿಬಿಟ್ಟೆ. ಆ ಬರಿ ಬೆರಳು ಇವತ್ತಿಗೂ ನನ್ನ ಕಣ್ಣಮುಂದೆ ಬರುತ್ತದೆ. ಬಾರದವರ ಹೆಸರು ಯಾರ ಕೈಗೆ ಸಿಗುತ್ತದೆಂದು ನಾನು ಕಂಡಿದ್ದೇನೆ ಪುಟ್ಟಿ.

ಬುದ್ಧಿ ಹೇಳುವಷ್ಟು ನೀನು ಚಿಕ್ಕವಳಲ್ಲ, ಆದರೂ ಬರೆಯುತ್ತೇನೆ. ಹಳೆಯ ಬಾಡಿಗೆ ಮನೆಯ ವಿಳಾಸದಿಂದ ಹೆಸರು ವರ್ಗಾಯಿಸಲು ನಮೂನೆ 8 ತುಂಬಿದ್ದೀರಾ, ಒಮ್ಮೆ ನೋಡಿಕೋ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದೇನೋ, ನಿನ್ನ ಹೆಸರಿಗೆ ಇನ್ನಾರೂ ಬಂದಿರುವುದಿಲ್ಲ. ಯಾರಾದರೂ ಕೇಳಿದರೆ "ಹಾಕಿದೆ" ಎಂದಷ್ಟೇ ಹೇಳು. ದೀಪದ ವಿಷಯಕ್ಕೆ ಪಾಲಿಕೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದುಕೋ. ನಾಲ್ಕು ಮನೆಯವರ ಸಹಿ ಇದ್ದರೆ ನಿನ್ನೊಬ್ಬಳ ಹೆಸರು ಎದ್ದು ಕಾಣುವುದಿಲ್ಲ. ಇದಕ್ಕಿಂತ ಹೆಚ್ಚಿನದು ನನಗೂ ತೋಚುತ್ತಿಲ್ಲ.

ಮುಂದಿನ ಚುನಾವಣೆಯ ದಿನ ಸಂಜೆ ಎರಡು ಸಾಲು ಬರೆ. ಹೋಗಿ ಬಂದೆವು ಎಂದರೆ ಸಾಕು. ಯಾರಿಗೆಂದು ನನಗೂ ಬರೆಯಬೇಡ.

ನಿನ್ನ
ದೊಡ್ಡಮ್ಮ