ಶ್ರೀರಂಗಪಟ್ಟಣದ ಭಿತ್ತಿಚಿತ್ರ ಮತ್ತು ಸ್ಮಾರಕ ಫಲಕಗಳ ಕುರಿತು ಕ್ಷೇತ್ರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಲ್ಲಿ ವಿಜ್ಞಾಪನೆ,

ಬೆಂಗಳೂರು–ಮೈಸೂರು ಹೆದ್ದಾರಿಯ ಬೈಪಾಸ್ ತೆರೆದ ಮೇಲೆ ದೂರ ಪ್ರಯಾಣದ ವಾಹನಗಳು ಶ್ರೀರಂಗಪಟ್ಟಣದೊಳಗೆ ಬರಬೇಕಾದ ಅಗತ್ಯ ಉಳಿದಿಲ್ಲ. ಇನ್ನು ಬರುವವರಲ್ಲಿ ಹೆಚ್ಚಿನವರು ದೇವರ ದರ್ಶನಕ್ಕೋ ಊರು ನೋಡುವುದಕ್ಕೋ ಬರುವವರೇ. ಅವರಿಗೂ ನಮ್ಮ ಮಕ್ಕಳಿಗೂ ಈ ಊರಿನ ಇತಿಹಾಸವನ್ನು ಕನ್ನಡದಲ್ಲಿ, ಒಂದು ಸ್ಥಳಕ್ಕೂ ಇನ್ನೊಂದಕ್ಕೂ ಇರುವ ಸಂಬಂಧ ತಿಳಿಯುವಂತೆ ಹೇಳುವ ಫಲಕಗಳನ್ನು ಹಾಕಿಸಬೇಕೆಂಬುದು ನನ್ನ ಕೋರಿಕೆ.

1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯನ್ನೇ ನೋಡಿ. ಅದರ ಪಶ್ಚಿಮದ ಗೋಡೆಯ ಮೇಲೆ, 1780ರ ಸೆಪ್ಟೆಂಬರಿನಲ್ಲಿ ಕಂಚಿಯ ಸಮೀಪದ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಸೇನೆಯನ್ನು ಸೋಲಿಸಿದ ಯುದ್ಧದ ಚಿತ್ರವಿದೆ. ಸುತ್ತುವರಿದ ಇಂಗ್ಲಿಷ್ ದಳದ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಅದರ ನಾಯಕ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ, ಎಲ್ಲರೂ ಅಲ್ಲಿದ್ದಾರೆ. ಆ ಬೇಲಿ ಸೆರೆಸಿಕ್ಕು, 1782ರಲ್ಲಿ ಇದೇ ಊರಿನಲ್ಲಿ ಬಂಧನದಲ್ಲಿದ್ದಾಗಲೇ ಸತ್ತ. ಅವನ ಹೆಸರಿನ ಸೆರೆಮನೆ ಕೋಟೆಯೊಳಗಿದೆ. ಚಿತ್ರವನ್ನು ನೋಡಿದವರು ಸೆರೆಮನೆಗೂ, ಸೆರೆಮನೆಯನ್ನು ನೋಡಿದವರು ಚಿತ್ರಕ್ಕೂ ಹೋಗುವಂತೆ ಮಾಡಲು ಎರಡೂ ಕಡೆ ನಾಲ್ಕು ಸಾಲು ಬರೆಸಿದರೆ ಸಾಕು.

ಆ ಚಿತ್ರವೂ ಇಂದು ಮೊದಲಿದ್ದಂತೆ ಉಳಿದಿಲ್ಲ. 1799ರಲ್ಲಿ ಕೋಟೆ ಇಂಗ್ಲಿಷರ ವಶವಾದ ನಂತರ ಆ ಅರಮನೆಯಲ್ಲಿ ವಾಸವಿದ್ದ ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ 1855ರಲ್ಲಿ ಮತ್ತೆ ಬಣ್ಣ ತುಂಬಿಸಲಾಯಿತು. ಸೋತವರು ತಮ್ಮ ಸೋಲಿನ ಚಿತ್ರವನ್ನು ಅಳಿಸದೆ ಉಳಿಸಿದ್ದು ಅಪರೂಪದ ಸಂಗತಿಯೆಂದೇ ನನ್ನ ಅಭಿಪ್ರಾಯ, ಆದ್ದರಿಂದ ಅದನ್ನೂ ನೋಡುಗರಿಗೆ ತಿಳಿಸಬೇಕು. ಪೂರ್ವದ ಗೋಡೆಯಲ್ಲಿ ಚಿತ್ರದುರ್ಗದ ಮದಕರಿ ನಾಯಕರೂ ಮಾಗಡಿ ಕೆಂಪೇಗೌಡರೂ ಇದ್ದಾರೆ. ನಮ್ಮ ಶಾಲಾ ಮಕ್ಕಳಿಗೆ ಮೊದಲು ತೋರಿಸಬೇಕಾದದ್ದು ಅದೇ.

ಟಿಪ್ಪುವಿನ ದೇಹ ಸಿಕ್ಕ ಸ್ಥಳದಲ್ಲಿ ಒಂದು ಕಲ್ಲು ನಿಂತಿದೆ. ಕೋಟೆ ಒಡೆದ ಕಡೆ, ಮುತ್ತಿಗೆ ಹಾಕಿದವರ ಪರವಾಗಿ ಸತ್ತವರಿಗಾಗಿ ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಸ್ತಂಭವಿದೆ. 1799ರ ಮೇ 4ರಂದು ಕೋಟೆಯನ್ನು ಕಾಯುತ್ತಾ ಸತ್ತ ಸಾಮಾನ್ಯ ಸೈನಿಕರ ನೆನಪಿಗೂ ಅಲ್ಲೇ ಒಂದು ಬರಹವಿರಬೇಕು. ಟಿಪ್ಪುವಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಸತ್ತವರಲ್ಲಿ ಒಂದು ಕಡೆಯವರನ್ನಷ್ಟೇ ನೆನೆಯುವುದು ನ್ಯಾಯವಲ್ಲ. ಅದೇ ರೀತಿ, ರೈಲ್ವೆ ಜೋಡಿ ಮಾರ್ಗಕ್ಕಾಗಿ 2017ರಲ್ಲಿ ಇಡಿಯಾಗಿ ಸರಿಸಲಾದ ಮದ್ದಿನ ಮನೆ ಮೊದಲು ಎಲ್ಲಿತ್ತೆಂಬುದನ್ನೂ ಆ ಜಾಗದಲ್ಲೇ ಗುರುತಿಸಬೇಕು.

ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳ ಆವರಣದಲ್ಲಿ ಪುರಸಭೆ ತಾನಾಗಿ ಏನನ್ನೂ ನಿಲ್ಲಿಸುವಂತಿಲ್ಲ. ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶವೂ ಹೌದು. ಆದರೆ ಅಲ್ಲಿಗೆ ಹೋಗುವ ಬೀದಿಗಳು ಊರಿನವು. ಪುರಾತತ್ವ ಇಲಾಖೆ, ಪುರಸಭೆ ಮತ್ತು ಜಿಲ್ಲಾಡಳಿತವನ್ನು ಒಂದೇ ಸಭೆಯಲ್ಲಿ ಕೂರಿಸುವ ಕೆಲಸ ತಮ್ಮಿಂದಲೇ ಆಗಬೇಕು. ಸ್ಮಾರಕಗಳ ರಕ್ಷಣೆಗಾಗಿರುವ 1958ರ ಕಾಯ್ದೆಯ ದಂಡದ ವಿವರ ಹೇಳುವ ನೀಲಿ ಫಲಕ ಬೇಕು, ಆದರೆ ಅದೊಂದೇ ಸಾಲದು. ಹೊಸ ಫಲಕಗಳ ಬರಹವನ್ನು ಕನ್ನಡ, ಪರ್ಷಿಯನ್ ಮತ್ತು ಇಂಗ್ಲಿಷ್ ಆಕರಗಳನ್ನು ಬಲ್ಲ ವಿದ್ವಾಂಸರಿಂದಲೇ ಸಿದ್ಧಪಡಿಸಿ, ಕೆತ್ತಿಸುವ ಮೊದಲು ಊರಿನವರ ಮುಂದಿಡಬೇಕು, ಏಕೆಂದರೆ ಕಲ್ಲಿನ ಮೇಲೆ ತಪ್ಪಾಗಿ ಕೂತ ಇಸವಿಯನ್ನು ತಿದ್ದಲು ಮುಂದೆ ಯಾರೂ ಬರುವುದಿಲ್ಲ. ದಯವಿಟ್ಟು ಫ್ಲೆಕ್ಸ್ ಬೇಡ. ಕೋಟೆಯ ಗೋಡೆಗಳ ಮೇಲೆ ಹೊಸ ಚಿತ್ರ ಬರೆಸುವ ಯೋಚನೆಯಂತೂ ಖಂಡಿತ ಬೇಡ.

ರಾಜ ಒಡೆಯರು 1610ರಲ್ಲಿ ದಸರಾ ಆರಂಭಿಸಿದ ಊರಿದು. ಈ ವರ್ಷದ ಶ್ರೀರಂಗಪಟ್ಟಣ ದಸರಾಕ್ಕೆ ಮೊದಲೇ ಆ ಸಭೆಯನ್ನು ಕರೆದು, ಅಲ್ಲಿ ತೀರ್ಮಾನವಾದದ್ದನ್ನು ಪುರಸಭೆಯ ಸೂಚನಾ ಫಲಕದಲ್ಲಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಶ್ರೀರಂಗಪಟ್ಟಣದ ಒಬ್ಬ ಮತದಾರ