ಕೂರಿಸದೆ ಕೆಲಸ ಕೊಟ್ಟವರಿಗೆ

ಭೂತಾನಿನ ಟ್ರಾಶಿಗಾಂಗ್ ಜಿಲ್ಲೆಯ ಒಂದು ಶಾಲೆಯಲ್ಲಿ ಸಂಬಳವಿಲ್ಲದ ಗಣಿತದ ಟೀಚರ್ ಆಗಿ ಒಂದು ವರ್ಷ ಮುಗಿಸಿ ಸಾಗರಕ್ಕೆ ವಾಪಸ್ ಬಂದಿದ್ದೇನೆ. ಅಲ್ಲಿ ಶಾಲೆ ಫೆಬ್ರವರಿಯಲ್ಲಿ ಶುರುವಾಗಿ ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ವರ್ಷದ ಕೊನೆಯ ದೊಡ್ಡ ಕಾರ್ಯಕ್ರಮ ಡಿಸೆಂಬರ್ 17ರ ರಾಷ್ಟ್ರೀಯ ದಿನ. ಅದಾದ ಮೇಲೆ ಮಕ್ಕಳು ಚಳಿಗಾಲದ ರಜೆಗೆ, ನಾನು ಊರಿಗೆ. ಎಲ್ಲರೂ ಫೋನ್ ಮಾಡಿ "ಹೇಗಿತ್ತು?" ಅಂತ ಕೇಳುತ್ತಿದ್ದೀರಿ. ಹೇಳಬೇಕಾದ್ದರಲ್ಲಿ ಮುಕ್ಕಾಲು ಪಾಲು ಯಾರ್ಯಾರಿಗೆ ಋಣಿ ಅನ್ನುವುದೇ ಇದೆ. ಅದಕ್ಕೆ ಈ ಬರಹ.

ಮೊದಲು ನಮ್ಮ ಪ್ರಿನ್ಸಿಪಾಲರಿಗೆ. ರಾಷ್ಟ್ರೀಯ ದಿನಕ್ಕೆ ಕೆಲಸ ಹಂಚಿದ ಪಟ್ಟಿಯನ್ನು ಸ್ಟಾಫ್ ರೂಮಿನಲ್ಲಿ ಅಂಟಿಸಿದಾಗ ನನ್ನ ಹೆಸರು ಅತಿಥಿಗಳ ಸಾಲಿನಲ್ಲಿ ಇರುತ್ತದೆ ಅಂದುಕೊಂಡಿದ್ದೆ. ಆಗಸ್ಟ್ 15ಕ್ಕೆ ಹೊರಗಿನವರು ಬಂದರೆ ನಾವು ಮಾಡುವುದು ಅದೇ ಅಲ್ವಾ? ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿ, ಎರಡು ಮಾತಾಡಿಸಿ ಕಳಿಸುತ್ತೇವೆ. ಇಲ್ಲಿ ನೋಡಿದರೆ ನನ್ನ ಹೆಸರು ಎರಡು ಕಡೆ ಇತ್ತು. ಒಂದು ಅಡುಗೆ ತಂಡದಲ್ಲಿ, ಇನ್ನೊಂದು ಟೀಚರ್‌ಗಳ ಡಾನ್ಸಿನಲ್ಲಿ. ನಿವೃತ್ತಿಯಾದ ಮೇಲೆ ನನ್ನನ್ನು ಎಲ್ಲರೂ ಕೂರಿಸುವವರೇ ಆಗಿಬಿಟ್ಟಿದ್ದರು. ಆ ಪಟ್ಟಿ ನೋಡಿ ಎಷ್ಟು ಖುಷಿಯಾಯಿತು ಅಂತ ಅವರಿಗೆ ಸರಿಯಾಗಿ ಹೇಳಲೂ ಇಲ್ಲ.

ಡಾನ್ಸ್ ಕಲಿಸಿದ ಎಂಟನೇ ಕ್ಲಾಸಿನ ಹುಡುಗಿಯರಿಗೆ ಥ್ಯಾಂಕ್ಸ್. ಪೇಪರ್ ತಿದ್ದಿ ಮುಗಿಸಿದ ಮೇಲೆ ಸಂಜೆ ಪ್ರಾಕ್ಟೀಸ್. ನಾನು ಹೆಜ್ಜೆ ತಪ್ಪಿದರೆ "ಮೇಡಂ ಲಾ, ಒನ್ಸ್ ಮೋರ್" ಅನ್ನುವವರು (ಲಾ ಅಂದರೆ ಅಲ್ಲಿ ಮರ್ಯಾದೆಗೆ ಸೇರಿಸುವ ಮಾತು). ವರ್ಷವಿಡೀ ನಾನು ಬೀಜಗಣಿತದಲ್ಲಿ ಅವರಿಗೆ ಹೇಳಿದ್ದೂ ಅದನ್ನೇ. ಲೆಕ್ಕ ಚುಕ್ತಾ.

ಹಿಂದಿನ ದಿನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹೆಚ್ಚುವ ಕೆಲಸ. ಎಮಾ ದತ್ಶಿ ಅಂದರೆ ಮೆಣಸಿನಕಾಯಿ ಮತ್ತು ಚೀಸ್, ಅಷ್ಟೇ. ಬುಟ್ಟಿಗಟ್ಟಲೆ ಮೆಣಸಿನಕಾಯಿ. ಬ್ಯಾಡಗಿ ಕಡೆಯ ರಾಜ್ಯದವಳು ಅನ್ನುವ ನನ್ನ ಜಂಬ ಅರ್ಧ ಗಂಟೆಯಲ್ಲಿ ಇಳಿಯಿತು. ಕೈ ಉರಿ ರಾತ್ರಿಯವರೆಗೂ ಹೋಗಲಿಲ್ಲ. ಪಕ್ಕದಲ್ಲಿ ಕೂತು ಹೆಚ್ಚುತ್ತಿದ್ದ ತಾಯಂದಿರು ನಕ್ಕರು, ಆಮೇಲೆ ಕೈಗೆ ಬೆಣ್ಣೆ ಸವರಿದರು. ನಾನು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಿದ್ದ ಅಡುಗೆಯವರು ನನ್ನ ಆಲೂಗಡ್ಡೆಯ ಪಾತ್ರೆಯನ್ನೇ ಬೇರೆ ಇಟ್ಟಿದ್ದರು, ಸೌಟು ಸಮೇತ. ಇವರಿಗೆಲ್ಲ ಏನಂತ ಹೇಳಲಿ.

ಬೆಳಗ್ಗೆ ಕಿರಾ (ಅಲ್ಲಿನ ಹೆಂಗಸರು ಮೈಗೆ ಸುತ್ತಿ ಉಡುವ ಉಡುಪು) ಉಡಿಸಿದ್ದು ಪಕ್ಕದ ಮನೆಯ ಅಕ್ಕ. ಸೀರೆಯ ಅಭ್ಯಾಸ ಅಲ್ಲಿ ನೆರವಿಗೆ ಬರುವುದಿಲ್ಲ. ಎಡಭುಜದ ಮೇಲೆ ಹಾಕುವ ರಾಚು ಅನ್ನುವ ಕೆಂಪು ಬಟ್ಟೆಯ ಪಟ್ಟಿ ಕೂಡ ಅವರದೇ. ಅದಿಲ್ಲದೆ ಇಂಥ ಸಮಾರಂಭಕ್ಕೆ ಹೆಂಗಸರು ಹೋಗುವಂತಿಲ್ಲ.

ಇದು ಸ್ವಾತಂತ್ರ್ಯ ದಿನ ಅಲ್ಲ. ಭೂತಾನ್ ಯಾರ ವಸಾಹತೂ ಆಗಿರಲಿಲ್ಲ. 1907ರ ಡಿಸೆಂಬರ್ 17ರಂದು ಪುನಾಖಾದಲ್ಲಿ ಉಗ್ಯೆನ್ ವಾಂಗ್‌ಚುಕ್ ಮೊದಲ ರಾಜರಾಗಿ ಗದ್ದುಗೆ ಏರಿದ ನೆನಪಿನ ದಿನ. ಹಾಗಾಗಿ ಭಾಷಣಗಳಲ್ಲಿ ಬ್ರಿಟಿಷರಿಲ್ಲ, ಜೈಲಿಲ್ಲ, ಹುತಾತ್ಮರಿಲ್ಲ. ಮೊದಲಿಗೆ ಏನೋ ಸಪ್ಪೆ ಅನ್ನಿಸಿತು. ರಾಜರ ಮೇಲೆ ಅಷ್ಟೊಂದು ಅಕ್ಕರೆ ಯಾಕೆ ಅಂತ ನನಗೆ ಈಗಲೂ ಪೂರ್ತಿ ಅರ್ಥವಾಗಿಲ್ಲ. ಆದರೆ ಟಿವಿಯಲ್ಲಿ ಈಗಿನ ರಾಜರು, ಅಂದರೆ ಐದನೆಯವರು, ಮಾತಾಡುವಾಗ ಚಿಕ್ಕ ಮಕ್ಕಳೂ ಅಲುಗಾಡದೆ ಕೇಳಿದರು. ಅಲ್ಲಿನ ರಾಷ್ಟ್ರಭಾಷೆ ಜೋಂಗ್ಖಾ ಬಾರದ ನನಗೆ ಕಿವಿಯಲ್ಲಿ ಇಂಗ್ಲಿಷ್ ಮಾಡಿ ಹೇಳುತ್ತಾ ಕೂತ ಹುಡುಗನ ಮನೆಮಾತು ಜೋಂಗ್ಖಾ ಅಲ್ಲ, ಪೂರ್ವದವರ ತ್ಶಾಂಗ್ಲಾ. ಕಲಿತ ಒಂದು ಭಾಷೆಯಿಂದ ಕಲಿತ ಇನ್ನೊಂದು ಭಾಷೆಗೆ ಒಂದೇ ಉಸಿರಲ್ಲಿ ಹೇಳಿದ ಅವನಿಗೂ ಥ್ಯಾಂಕ್ಸ್.

ಆಮೇಲೆ ಸಾಲಾಗಿ ಕೂತವರಿಗೆ ಬೆಣ್ಣೆಯ ಚಹಾ, ಕೇಸರಿ ಹಾಕಿದ ಸಿಹಿ ಅನ್ನ, ಕೊನೆಗೆ ದೋಮಾ. ದೋಮಾ ಅಂದರೆ ವೀಳ್ಯದೆಲೆ, ಸುಣ್ಣ, ಹಸಿ ಅಡಿಕೆ. ವಾಸನೆ ಜೋರು, ಬಾಯಿಗೆ ಹಾಕಿದರೆ ಚಳಿಯಲ್ಲೂ ಬೆವರು. ಅಡಿಕೆ ಸೀಮೆಯವಳು ಅಂತ ಹೇಳಿದ ಮೇಲೆ ನನಗೆ ಒಂದರ ಜಾಗದಲ್ಲಿ ಮೂರು ಬಂತು. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಿಕೊಳ್ಳಲು ಕೇಂದ್ರ ಸರ್ಕಾರ ಒಪ್ಪಿದಾಗ ನಮ್ಮ ಕಡೆ ಎಷ್ಟು ಗಲಾಟೆ ಆಗಿತ್ತು ನೆನಪಿರಬಹುದು. "ನಮ್ಮ ರೇಟು ಇಳಿಸುವವರ ಮಕ್ಕಳಿಗೆ ಲೆಕ್ಕ ಹೇಳಿಕೊಡೋಕೆ ಹೋಗ್ತೀಯಾ" ಅಂತ ರೇಗಿಸಿದ ತಮ್ಮನೇ ನನ್ನನ್ನು ಗುವಾಹಟಿಯವರೆಗೆ ಬಂದು ಬಿಟ್ಟು ಹೋದ. ಅವನಿಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾನೆ, ಬಿಡಿ.

ಇನ್ನೊಬ್ಬರಿದ್ದಾರೆ. ಬಿಲ್ಲುಗಾರಿಕೆ ನೋಡುತ್ತಾ ನಿಂತಿದ್ದಾಗ (ಗುರಿ ಸುಮಾರು 145 ಮೀಟರ್ ದೂರ, ನನಗೆ ಬಾಣವೇ ಕಾಣುತ್ತಿರಲಿಲ್ಲ) ಒಬ್ಬ ಅಜ್ಜ ಬಂದು, ತಮಗೆ ಲೆಕ್ಕ ಕಲಿಸಿದವರು ಕೇರಳದ ಮೇಷ್ಟ್ರು ಅಂದರು. ಆಮೇಲೆ ಮಗ್ಗಿ ಹೇಳಿ ತೋರಿಸಿದರು, ಹದಿನಾರರದು! 1960ರ ದಶಕದಿಂದ ಭಾರತದ ಎಷ್ಟೋ ಮೇಷ್ಟ್ರುಗಳು ಆ ಬೆಟ್ಟಗಳಿಗೆ ಹೋಗಿ ಪಾಠ ಮಾಡಿದ್ದಾರೆ, ರಸ್ತೆಯೇ ಸರಿ ಇಲ್ಲದ ಕಾಲದಲ್ಲಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಬಸ್ಸು ನಿಂತಾಗ ನನ್ನ ಬಾಗಿಲ ಮುಂದೆ ಯಾರೋ ಸೊಪ್ಪು, ಮೊಟ್ಟೆ ಇಟ್ಟು ಹೋಗುತ್ತಿದ್ದರು. ನಾನು ಬರುವುದಕ್ಕೆ ಮೊದಲೇ ನನ್ನ ಮೇಲೆ ಆ ಪ್ರೀತಿ ಯಾಕೆ ಇತ್ತು ಅಂತ ಆಗ ತಿಳಿಯಿತು. ಆ ಮೇಷ್ಟ್ರುಗಳು ಇಟ್ಟ ಠೇವಣಿಯ ಬಡ್ಡಿಯನ್ನು ನಾನು ತಿಂದೆ. ಅವರಲ್ಲಿ ಯಾರ ಪರಿಚಯವೂ ನನಗಿಲ್ಲ. ಅವರಿಗೂ ನಮಸ್ಕಾರ.

ಇನ್ನು ನೀವು. ಅಮ್ಮನನ್ನು ನೋಡಿಕೊಂಡ ತಂಗಿಗೆ, ಸಾರಿನ ಪುಡಿ ಕಳಿಸಿದ ಗೆಳತಿಯರಿಗೆ, ಜಾಮಿಟ್ರಿ ಬಾಕ್ಸ್‌ಗಳಿಗೆ ದುಡ್ಡು ಹಾಕಿದ ಹಳೇ ವಿದ್ಯಾರ್ಥಿಗಳಿಗೆ ಥ್ಯಾಂಕ್ಸ್. ಬಾಕ್ಸ್‌ಗಳೆಲ್ಲ ತಲುಪಿವೆ, ಶಾಲೆಯ ರಶೀದಿ ನನ್ನ ಹತ್ತಿರ ಇದೆ. ಸ್ವಲ್ಪ ದುಡ್ಡು ಉಳಿದಿದೆ. ಫೆಬ್ರವರಿಯಲ್ಲಿ ಶಾಲೆ ತೆರೆಯುವ ಮೊದಲು ಗ್ರಾಫ್ ಪುಸ್ತಕ ಕಳಿಸೋಣ ಅಂತಿದ್ದೇನೆ. ಯಾರದಾದರೂ ಬೇರೆ ಅಭಿಪ್ರಾಯ ಇದ್ದರೆ ಈ ವಾರವೇ ಹೇಳಿ.