ಕೌದಿಯೂ ಗೋಡೆಗೇರಲಿ

ಮಾನ್ಯರೇ,

ಹಳೇ ಇಳಕಲ್ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ ಎಲ್ಲ ಕೂಡಿಸಿ ಹೊಲಿದ ಕೌದಿಯನ್ನು ನೆಂಟರು ಬಂದರೆಂದರೆ ಒಳಗೆ ತಳ್ಳುತ್ತೇವೆ. ಅವರಿಗೆ ಅಂಗಡಿಯ ಬ್ಲಾಂಕೆಟ್ಟೇ ಆಗಬೇಕು! ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಣ್ಣುಮಕ್ಕಳ ಕೌದಿಗಳೋ, ಅಮೆರಿಕದ ಪ್ರದರ್ಶನಗಳಲ್ಲಿ ಗೋಡೆಗೇರಿವೆ. ಅವರು ಅಂಚಿನಿಂದ ಹಿಡಿದು ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿದ ಮುಕ್ಕೋನದ ‘ಹೂ’ ಕೂರಿಸದೆ ಕೌದಿ ಮುಗಿಯಿತು ಎನ್ನುವುದಿಲ್ಲ.

ನಿವೃತ್ತಿಯ ಮೇಲೆ ನಾನೂ ಸೂಜಿ ಹಿಡಿದಿದ್ದೇನೆ. ಖಣದ ತುಂಡಿನ ಪಕ್ಕ ಚೌಕಳಿ ಲುಂಗಿ ಒಪ್ಪೀತೇ ಎಂದು ಹಾಸಿ, ತೆಗೆದು, ಮತ್ತೆ ಹಾಸುವುದರಲ್ಲೇ ಮಧ್ಯಾಹ್ನ ಸರಿದುಹೋಗುತ್ತದೆ. (ಒಪ್ಪದಿದ್ದರೂ ಹೊಲಿಯುತ್ತೇನೆ, ಅದೇ ಚೆಂದ ಕಾಣುತ್ತದೆ.) ಕಟ್ಟೆಯ ಮೇಲೆ ಬಿಸಿಲಿಗೆ ಹಾಕಿದರೆ ಸಾಕು, ಪಕ್ಕದ ಮನೆಯಾಕೆ ಬೆರಳಿಟ್ಟು, ‘ಇದು ನಿಮ್ಮ ಅತ್ತೀದು ಪತ್ತಲ ಅಲ್ಲೇನ್ರೀ?’ ಎನ್ನುತ್ತಾರೆ. ಆಮೇಲೆ ಮಾತಿಗೆ ಕೊನೆಯೇ ಇಲ್ಲ.

ಊರ ಜಾತ್ರೆ, ಕೃಷಿ ಮೇಳ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮನೆಮನೆಯ ಕೌದಿ ತರಿಸಿ ತೂಗುಹಾಕಬಾರದೇಕೆ? ಬಹುಮಾನ, ತೀರ್ಪುಗಾರರು ಯಾರೂ ಬೇಡ. ಹೊಲಿದವರ ಹೆಸರಿನ ಚೀಟಿಯೊಂದು ಇರಲಿ. ಖರ್ಚು ಹಗ್ಗದ್ದಷ್ಟೇ.

– ಓದುಗರೊಬ್ಬರು, ಧಾರವಾಡ